ಹಿಂದಿನ ಸೀಟು

ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದ ಅಡತಿ ಅಂಗಡಿಯ ಮಹಡಿಯ ಮೇಲೆ ಚಿತ್ರಕಲೆಯ ಕಾಲೇಜು ತೆರೆದ ಮೊದಲ ವರ್ಷ ಊರವರು ನಕ್ಕಿದ್ದೇ ನಕ್ಕಿದ್ದು. ಸಾವಿರದ ಒಂಬೈನೂರ ಮೂವತ್ತಾರರ ಮಾತಿದು. ಮೀಸೆ ಬಂದ ಗಂಡಸರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಂದು ತಂಬಿಗೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಾರಂತೆ! ತಂಬಿಗೆಗೆ ಅಷ್ಟು ಬರ ಬಂದಿದ್ದರೆ ನಮ್ಮ ಮನೆಗೆ ಬರಲಿ, ನಾಲ್ಕು ಕೊಡೋಣ ಎಂದು ಅಡತಿಯ ಮುರುಗೆಪ್ಪ ಚಹಾ ಕುಡಿಯುತ್ತ ಆಡಿಕೊಳ್ಳುತ್ತಿದ್ದ. ತಂಬಿಗೆ ಮುಗಿದ ಮೇಲೆ ಕಾಲೇಜಿನವರಿಗೆ ಮನುಷ್ಯ ಬೇಕಾದ, ಅದೂ ಅಲುಗಾಡದೆ ಕೂಡುವ ಮನುಷ್ಯ. ಹಾಗೆ ಸಿಕ್ಕವನು ಟಾಂಗಾದ ಅಬ್ದುಲಗನಿ.

ಕೂಡುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ನಲವತ್ತು ವರ್ಷ ಟಾಂಗಾದ ಮುಂದಿನ ಸೀಟಿನಲ್ಲಿ ಕೂತವನು. ಹಿಂದಿನ ಮಳೆಗಾಲದಲ್ಲಿ ಹೆಂಡತಿ ಮೌಲಾಬಿ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ತಿಂಗಳಿಗೆ ಕುದುರೆ ಮಾರಿದ. ಟಾಂಗಾ ಮಾತ್ರ ಯಾರು ಕೇಳಿದರೂ ಕೊಡಲಿಲ್ಲ, ಅದು ಖಾಲಿ ಕುದುರೆಲಾಯದಲ್ಲಿ ನಿಂತೇ ಇತ್ತು. ಮನೆಯಲ್ಲಿ ಉಂಡೆಯಾ ಎಂದು ಕೇಳುವ ಜೀವ ಒಂದಿರಲಿಲ್ಲ. ಕಾಲೇಜಿನಲ್ಲಾದರೋ ಹನ್ನೆರಡು ಮಂದಿ ಎವೆಯಿಕ್ಕದೆ ಅವನನ್ನೇ ನೋಡುತ್ತಿದ್ದರು. ಅದೇ ಅವನಿಗೆ ಹಿತವಾಗಿತ್ತು. ಒಬ್ಬಂಟಿಯಾದ ಮನುಷ್ಯ ಎಂತೆಂಥದಕ್ಕೆಲ್ಲ ಆಸೆಪಡುತ್ತಾನೆ ನೋಡಿ.

ಎರಡು ತಿಂಗಳು ಕೂತ ಮೇಲೆ ಒಂದು ದಿನ ಅವನು ಅರ್ಜುನಪ್ಪ ಮಾಸ್ತರರ ಹತ್ತಿರ ಹೋಗಿ ನಿಂತ. ಕಾಲೇಜು ಕಟ್ಟಿದವರು ಅವರೇ, ಕಲಿಸುವವರೂ ಅವರೇ.

"ನಮ್ಮಾಕಿದೊಂದು ಚಿತ್ರ ಬರದು ಕೊಡ್ರಿ ಮಾಸ್ತರ. ಆಕಿ ಮಾರಿ ಮರ್ಯಾಕತ್ತೇನಿ."

ಮಾಸ್ತರರು ಫೋಟೋ ಇದೆಯೇ ಎಂದು ಕೇಳಿದರು. ಎಲ್ಲಿಯ ಫೋಟೋ! ಹಾಗಾದರೆ ನೀವು ಹೇಳುತ್ತ ಹೋಗಿ, ನಾನು ಬರೆಯುತ್ತ ಹೋಗುತ್ತೇನೆ ಎಂದು ಅವರು ಇದ್ದಿಲ ಕಡ್ಡಿ ಹಿಡಿದು ಕೂತರು. ಮೂಗು ಹೇಗಿತ್ತು ಎಂದು ಕೇಳಿದರು.

"ಮೂಗು... ಮೂಗಿನಂಗ ಇತ್ತರಿ," ಎಂದ ಅಬ್ದುಲಗನಿ.

ಕಣ್ಣು? ಅವನಿಗೆ ನೆನಪಾದದ್ದು ಟಾಂಗಾದ ದಾರಿ. ಅವಳ ತವರು ಗರಗ. ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದ. ಅವನ ಮುಖ ಕುದುರೆಯ ಕಡೆಗೆ, ಹಿಂದಿನ ಸೀಟಿನಲ್ಲಿ ಕೂತ ಅವಳ ಮುಖ ಬಿಟ್ಟುಬಂದ ದಾರಿಯ ಕಡೆಗೆ. ಹೊರಡುವ ಮೊದಲು ಅವನು "ಕುಂತೀ?" ಎನ್ನುವನು. ಅವಳು ಕೈ ಹಿಂದೆ ಚಾಚಿ ಅವನ ಎಡ ಹೆಗಲ ಮೇಲೆ ಎರಡು ಸಲ ತಟ್ಟುವಳು. ಆಮೇಲೆಯೇ ಕುದುರೆಗೆ ಹೆಜ್ಜೆ. ಮನೆಯಲ್ಲೂ ಅಷ್ಟೇ, ಅವಳು ರೊಟ್ಟಿ ಬಡಿಯುತ್ತ ಒಲೆ ನೋಡುವಳು, ಇವನು ತಾಟು ನೋಡುವನು. ನಾಳೆಯೂ ಇರುತ್ತಾಳೆಂಬ ಧೈರ್ಯದಲ್ಲಿ ಪುಣ್ಯಾತ್ಮ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿಯೇ ಇರಲಿಲ್ಲ. ಮಾಸ್ತರರ ಎದುರು ಅದು ಅರಿವಾಗಿ ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮಾಸ್ತರರು ಬೈಯಲಿಲ್ಲ. ಅವಳನ್ನು ನೋಡಿದವರು ಯಾರ್ಯಾರಿದ್ದಾರೋ ಅವರನ್ನೇ ಕರೆತನ್ನಿ ಎಂದರು.

ಮೊದಲು ಬಂದವಳು ಪಕ್ಕದ ಮನೆಯ ಈರವ್ವ, ಮೌಲಾಬಿಯ ಜೊತೆ ಇಪ್ಪತ್ತು ವರ್ಷ ಒಂದೇ ಬಾವಿಗೆ ಕೊಡ ಇಳಿಸಿದವಳು. ಇಂಥ ಕಡೆ ಹೆಂಗಸರು ಹತ್ತಬಹುದೇ ಎಂದು ಅಂಜುತ್ತಲೇ ಮೆಟ್ಟಿಲು ಏರಿದವಳು, ಒಮ್ಮೆ ಕೂತ ಮೇಲೆ ಏಳಲೊಲ್ಲಳು. ಹುಬ್ಬು ತೆಳ್ಳಗೆ ಮಾಡಿ, ಇನ್ನೂ ತೆಳ್ಳಗೆ ಎಂದು ಮಾಸ್ತರರನ್ನೇ ದಬಾಯಿಸಿದಳು. ಮರುದಿನ ಬಳೆಗಾರ ಗುಲಾಬಸಾಬ ಬಂದ. ಬಿಗಿಯಾದ ಬಳೆ ಏರಿಸುವಾಗ ಅವಳು ಕೆಳತುಟಿ ಕಚ್ಚುತ್ತಿದ್ದಳು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು ಎಂದ. ಗುಳಿ ಎಡಕ್ಕೋ ಬಲಕ್ಕೋ ಎಂದು ಅವನಿಗೂ ಈರವ್ವನಿಗೂ ಜಗಳವೇ ಆಯಿತು. ಅಬ್ದುಲಗನಿ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಗುಳಿಯಿತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಊರ ಮಂದಿಗೆಲ್ಲ ಸಿಕ್ಕ ಅವಳ ನಗು ತನಗೆ ಸಿಕ್ಕಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಸುದ್ದಿ ಹಬ್ಬಿತು. ಕಾಯಿಪಲ್ಲೆಯವರು, ಗಿರಣಿಯವರು, ಬೆಂಗೇರಿಯಿಂದ ಮೊಸರು ತರುವವರು ಹೀಗೆ ಒಬ್ಬೊಬ್ಬರೇ ಹತ್ತಿ ಬಂದು ಒಂದೊಂದು ಗೆರೆ ತಿದ್ದಿಸಿ ಹೋದರು. ಬಂದವರು ಗೋಡೆಯ ಮೇಲಿನ ಬೇರೆ ಚಿತ್ರಗಳನ್ನೂ ನೋಡಿದರು. ಇದು ಸರಿ, ಇದು ಸರಿಯಿಲ್ಲ ಎಂದು ವಾದ ಮಾಡಿದರು. ಕಾಲೇಜಿನವರು ಯಾರನ್ನೂ ಎಬ್ಬಿಸಿ ಕಳಿಸಲಿಲ್ಲ. ಒಂದೇ ಮಳೆಗಾಲದಲ್ಲಿ ಊರಿಗೆ ನೋಡುವ ಚಟ ಹತ್ತಿತು. ಈರವ್ವ ನೀರಿಗೆ ಬಂದವರ ಮೂಗು ಹುಬ್ಬು ಅಳೆಯತೊಡಗಿದಳು. ತಂಬಿಗೆಯ ತಮಾಷೆ ಮಾಡಿದ್ದ ಮುರುಗೆಪ್ಪನೇ ತನ್ನ ಮುದಿ ತಾಯಿಯನ್ನು ಕೈಹಿಡಿದು ಹತ್ತಿಸಿಕೊಂಡು ಬಂದ, ಇವಳಿರುವಾಗಲೇ ಬರೆದುಬಿಡಿ ಎಂದು.

ಚಿತ್ರ ಮುಗಿದ ದಿನ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ತರರು ಅದರ ಮೇಲಿನ ಬಟ್ಟೆ ಸರಿಸಿದರು. ಈರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

"ಮೌಲಾಬೀನ ಅದಾಳ ನೋಡ್ರಿ. ಈಗ ಬಾವಿ ಹಗ್ಗಾ ಕೊಡು ಅಂತಾಳ."

ಗುಲಾಬಸಾಬ ಹೌದು ಹೌದೆಂದು ತಲೆಯಾಡಿಸಿದ. ಎಲ್ಲರೂ ಅಬ್ದುಲಗನಿಯ ಕಡೆ ತಿರುಗಿದರು.

ಅವನು ನೋಡಿದ. ಒಳ್ಳೆಯ ಹೆಂಗಸು, ತೆಳು ಹುಬ್ಬು, ಕೆನ್ನೆಯಲ್ಲಿ ಗುಳಿ. ಇಡೀ ಊರು ಗುರುತು ಹಿಡಿದಿತ್ತು. ಅವನಿಗೆ ಮಾತ್ರ ಗುರುತು ಸಿಗಲಿಲ್ಲ.

"ಆಕೀನರಿ," ಎಂದ ಅವನು. "ಛಲೋ ಬಂದೈತಿ."

ಚಿತ್ರವನ್ನು ಧೋತರದಲ್ಲಿ ಸುತ್ತಿ ಎದೆಗೊತ್ತಿಕೊಂಡು ಮನೆಗೆ ಬಂದ. ಇರುವುದೊಂದೇ ಕೋಣೆ. ನಮಾಜು ಓದುವ ಜಾಗದಲ್ಲಿ ಚಿತ್ರ ತೂಗಹಾಕುವಂತಿಲ್ಲ, ಹಾಗಾಗಿ ಲಾಯಕ್ಕೆ ಒಯ್ದ. ಸಂಜೆಯ ಬಿಸಿಲು ಟಾಂಗಾದ ಮೇಲೆ ಬಿದ್ದಿತ್ತು. ಹೆಗಲ ಮೇಲಿನ ವಸ್ತ್ರದಿಂದ ಹಿಂದಿನ ಸೀಟಿನ ಧೂಳು ಒರೆಸಿದ. ಅಲ್ಲಿ ಅವಳನ್ನು ಕೂಡಿಸಿದ, ಯಾವಾಗಲೂ ಕೂಡುತ್ತಿದ್ದ ಹಾಗೆಯೇ, ಹಿಂದಿನ ದಾರಿಗೆ ಮುಖಮಾಡಿ. ಆಮೇಲೆ ಸುತ್ತಿಬಂದು ಮುಂದಿನ ಸೀಟಿಗೆ ಹತ್ತಿದ. ಕೈಗಳು ಇಲ್ಲದ ಲಗಾಮನ್ನು ಹುಡುಕಿದವು.

"ಕುಂತೀ?" ಎಂದ.

ಎಡ ಹೆಗಲನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ ಕಾದ. ಬಿಸಿಲು ಟಾಂಗಾದಿಂದ ಇಳಿದು ಹೋಗುವವರೆಗೂ ಕಾದ. ತಿರುಗಿ ಮಾತ್ರ ನೋಡಲಿಲ್ಲ.