ಚಿಟಿಕೆ ಅಳೆಯಲಾರದ ಬಟ್ಟಲು

ನಾನು ಒಂದು ಸ್ಟೀಲಿನ ಬಟ್ಟಲು. ಹಾಗೆಂದು ಎಲ್ಲರ ಅಡುಗೆಮನೆಯಲ್ಲಿ ಬೋರಲು ಬಿದ್ದಿರುವ ಬಟ್ಟಲುಗಳ ಸಾಲಿಗೆ ನನ್ನನ್ನು ಸೇರಿಸಬೇಡಿ. ಅಂಚಿನವರೆಗೆ ತುಂಬಿದರೆ ನಾನು ಹಿಡಿಯುತ್ತಿದ್ದುದು ನೂರೈವತ್ತು ಮಿಲಿ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ನನ್ನ ಕಸುಬಾಗಿತ್ತು.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಪಾತ್ರೆ ಕಾರ್ಖಾನೆಯಲ್ಲಿ. ತಗಡಿನ ಬಿಲ್ಲೆಯಾಗಿದ್ದ ನನ್ನನ್ನು ಯಂತ್ರವೊಂದು ಒಂದೇ ಏಟಿಗೆ ಬಟ್ಟಲು ಮಾಡಿ ಆಚೆ ನೂಕಿತು. ಯಾವುದೋ ಮದುವೆಯಲ್ಲಿ ಮುಯ್ಯಿಯಾಗಿ ಹೋಗಬೇಕಾದವನು, ಡಾಕ್ಟರ್ ಹೆಬ್ಬಳ್ಳಿಯವರ ಕೈಗೆ ಸಿಕ್ಕೆ. ಅವರು ಅಂಗಡಿಯಲ್ಲಿಯೇ ಗಾಜಿನ ಅಳತೆಪಾತ್ರೆ ಇಟ್ಟುಕೊಂಡು ಕುಳಿತು, ನಲವತ್ತು ಬಟ್ಟಲಿಗೆ ನೀರು ಸುರಿದು ನೋಡಿದರು. ಅಂಗಡಿಯವನಿಗೆ ಇವರ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಇಪ್ಪತ್ತೆರಡು ಬಟ್ಟಲು ನಪಾಸಾದವು. ನಾನು ಪಾಸಾದೆ. ನನ್ನ ಬೆನ್ನಿಗೆ ಮೂರು ಎಂಬ ಅಂಕಿ ಕೆತ್ತಿಸಿದರು.

ಡಾಕ್ಟರು ಒಂದು ದೊಡ್ಡ ಸಮೀಕ್ಷೆ ಹೂಡಿದ್ದರು. ನಿಪ್ಪಾಣಿ ಸುತ್ತಿನ ಹಳ್ಳಿಗಳ ಸಾವಿರದ ಎಂಟುನೂರು ಜನ ದಿನಾ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ, ಮುಂದೆ ಅವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರಿಗೆ ಕ್ಯಾನ್ಸರ್ ಬರುತ್ತದೆ ಎಂದು ಹತ್ತು ವರ್ಷ ಬೆನ್ನು ಹತ್ತಿ ನೋಡುವ ಕೆಲಸ. ವರ್ಷಕ್ಕೊಮ್ಮೆ ಮನೆಗೆ ಹೋಗಿ, ನಿನ್ನೆ ಮುಂಜಾನೆಯಿಂದ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಬಾಯಿಮಾತಿಗೆ 'ಒಂದಿಷ್ಟು' ಅಂದರೆ ನಡೆಯದು. ಅದಕ್ಕೇ ನಾನು ಬೇಕಾದದ್ದು. ನನ್ನನ್ನು ಚೀಲದಲ್ಲಿ ಹೊತ್ತು ತಿರುಗಿದವಳು ಶೈಲಾ ಬಡಿಗೇರ. ಹಾವೇರಿ ಕಡೆಯ ಹುಡುಗಿ, ಮಾತು ಕಡಿಮೆ, ಹಟ ಹೆಚ್ಚು.

ಹೋದ ಮನೆಗಳಲ್ಲೆಲ್ಲ ನನಗೆ ಮರೆಯಲಾಗದ್ದು ಅಕ್ಕಾತಾಯಿಯ ಮನೆ. ಅರವತ್ತು ದಾಟಿದ ಜೈನರ ಮುದುಕಿ. ಹೊತ್ತು ಮುಳುಗುವುದರೊಳಗೆ ಊಟ, ಸೋಸಿದ ನೀರು, ಉಳ್ಳಾಗಡ್ಡಿ ಬೆಳ್ಳುಳ್ಳಿಯ ಸೋಂಕಿಲ್ಲದ ಅಡುಗೆ. ನನ್ನನ್ನು ಕಂಡ ಕೂಡಲೇ ಮುಖ ಸಿಂಡರಿಸಿ, "ಯಾರ್ಯಾರ ಮನಿ ಹೊಕ್ಕು ಬಂದದೋ ಇದು" ಎಂದು ಬೂದಿ ಹಾಕಿ ತಿಕ್ಕಿದಳು. ನನ್ನ ಅಂಕಿ ಅಳಿಸಿಹೋಗುತ್ತದೇನೋ ಎಂದು ಹೆದರಿದೆ.

"ನನ್ನ ಹೊಟ್ಟಿ ಅಳ್ಯಾಕ ಬಂದೀಯೇನ ತಂಗಿ?" ಎಂದು ಶೈಲಾಳನ್ನು ಕೇಳಿದಳು. "ಅಳಿ. ಊಟ ಬಲ್ಲವಗ ರೋಗ ಇಲ್ಲ. ನನ್ನ ಊಟ ಬರಕೊಂಡ ಹೋಗಿ ನಿಮ್ಮ ಡಾಕ್ಟರಗ ಕಲಿಸು."

ನಿನ್ನೆ ಉಂಡದ್ದನ್ನೇ ಇವತ್ತೂ ಬಡಿಸಿಕೊಂಡು ತೋರಿಸಿದಳು: ಮಡಕಿಕಾಳಿನ ಸಾರು ನನ್ನೊಳಗೆ ಎರಡು ಸಲ ತುಂಬಿತು. ಜೊತೆಗೆ ಎರಡು ರೊಟ್ಟಿ, ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿ ಅರೆದ ರಂಜಕ. ಆ ಖಾರಕ್ಕೆ ಶೈಲಾಳ ಕಣ್ಣು ಮೂಗು ಸೋರಿದವು. ಅಕ್ಕಾತಾಯಿ ಪಾಯಸ ತಿಂದ ಹಾಗೆ ತಿಂದಳು.

ಕೊನೆಗೆ ಶೈಲಾ ಫಾರಮಿನ ಪ್ರಶ್ನೆ ಕೇಳಿದಳು. "ಆಯಿ, ತಂಬಾಕ ತಿಂತೀರೇನ್ರಿ? ಬೀಡಿ, ಗುಟ್ಕಾ, ಏನಾರ?"

"ಥೂ! ನಮ್ಮನ್ಯಾಗ ಗಂಡಸರೂ ಮುಟ್ಟೂದಿಲ್ಲ!" ಕಡ್ಡಿ ಮುರಿದಂತೆ ಹೇಳಿದಳು. ಹೇಳಿ, ಸೊಂಟದಿಂದ ಪುಟ್ಟ ಡಬ್ಬಿ ತೆಗೆದು, ಚಿಟಿಕೆ ಕರಿಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತ ಕುಳಿತಳು. ಹಲ್ಲುಪುಡಿ ಎಂದುಕೊಂಡೆ. ಶೈಲಾ ಕೂಡ ಹಾಗೆಯೇ ಅಂದುಕೊಂಡು 'ಇಲ್ಲ' ಎಂದು ಬರೆದಳು.

ಎರಡನೆಯ ವರ್ಷವೂ ಎರಡು ಬಟ್ಟಲು. ಮೂರನೆಯ ವರ್ಷ ಒಂದಕ್ಕೆ ಇಳಿಯಿತು. ನಾಲ್ಕನೆಯ ವರ್ಷ ನನ್ನೊಳಗೆ ಬಿದ್ದದ್ದು ಮೊಸರನ್ನ. ಸಾರಿಲ್ಲ, ರಂಜಕವಿಲ್ಲ. ಕಚೇರಿಯಲ್ಲಿ ಶೈಲಾ ನಾಲ್ಕೂ ವರ್ಷದ ಫಾರಮುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. "ವಯಸ್ಸಾತಲ್ಲ, ಬಿಡು" ಎಂದರು ಜೊತೆಗಿದ್ದವರು. ಶೈಲಾ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನನ್ನನ್ನು ಹೊತ್ತುಕೊಂಡು ಮತ್ತೆ ಹೊರಟಳು. ನನಗೂ ಅದೇ ಬೇಕಾಗಿತ್ತು. ಆ ಮನೆಯ ಊಟದಿಂದ ಖಾರ ಮಾಯವಾದದ್ದು ನನಗೆ ಸರಿಬಂದಿರಲಿಲ್ಲ.

"ರಂಜಕ ಯಾಕ ಬಿಟ್ರಿ ಆಯಿ?"

"ಬಾಯಿ ಉರಿತೈತಿ. ಉಷ್ಣ ಆಗಿರಬೇಕು."

ಅಷ್ಟರಲ್ಲಿ ಹಿತ್ತಲಿನಿಂದ ಘಾಟು ಬಂತು. ಶೈಲಾ ಕೆಮ್ಮುತ್ತ ಹೋಗಿ ನೋಡಿದರೆ, ಸೊಸೆ ಸುನಂದಾ ತವೆಯ ಮೇಲೆ ಒಣ ಎಲೆ ಹಾಕಿ ಕಪ್ಪಗೆ ಹುರಿಯುತ್ತಿದ್ದಳು.

"ಇದೇನ್ರಿ ವೈನಿ, ಹುರಿಯಾಕತ್ತೀರಿ?"

"ಮಶೇರಿ. ಅತ್ತಿಯವರ ಹಲ್ಲಿಗೆ."

"ಇದು ತಂಬಾಕ ಎಲಿ ಅಲ್ಲೇನ್ರಿ?"

ಒಳಗಿನಿಂದ ಅಕ್ಕಾತಾಯಿಯೇ ಉತ್ತರಿಸಿದಳು: "ತಂಬಾಕ ತಿಂತಾರವಾ. ಮಶೇರಿ ತಿಕ್ಕತಾರ. ತಿಕ್ಕಿ ಉಗುಳತಾರ. ಅಷ್ಟೂ ಗೊತ್ತಿಲ್ಲೇನ ನಿನಗ?"

ಮುದುಕಿ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದು ತಿನ್ನುವ ತಂಬಾಕು, ಅವಳು ಹೇಳಿದ್ದೂ ಅದನ್ನೇ. ಹನಿ ಹನಿ ಅಳೆಯುವ ನಾನು ಆ ಚಿಟಿಕೆಯ ಎದುರಿಗೇ ನಾಲ್ಕು ವರ್ಷ ಕುಳಿತಿದ್ದೆ! ಅದು ನನ್ನೊಳಗೆ ಒಮ್ಮೆಯೂ ಬೀಳಲಿಲ್ಲ, ಆದ್ದರಿಂದ ನನ್ನ ಪಾಲಿಗೆ ಅದು ಇರಲೇ ಇಲ್ಲ. ಅವತ್ತು ನನ್ನ ಜಂಬವೆಲ್ಲ ಇಳಿಯಿತು.

"ದಿನಕ್ಕ ಎಷ್ಟ ಸಲ ತಿಕ್ಕತೀರಿ?"

"ಮುಂಜಾನೆ ಒಮ್ಮಿ. ಆಮ್ಯಾಲ ಕೈ ಖಾಲಿ ಇದ್ದಾಗೊಮ್ಮಿ."

"ಆಯಿ, ಒಂದ ಸಲ ಬಾಯಿ ತಗದು ತೋರಸ್ರಿ."

ಅಕ್ಕಾತಾಯಿಗೆ ಎಲ್ಲಿತ್ತೋ ಸಿಟ್ಟು! "ಉಂಡದ್ದು ಕೇಳಿದಿ, ಹೇಳಿದೆ. ಈಗ ಬಾಯಾಗ ಹಣಕಿ ಹಾಕ್ತೀಯಾ? ನಡಿ ಆಚಿ ಕಡೆ!" ಎಂದವಳೇ ಕೈಗೆ ಸಿಕ್ಕ ನನ್ನನ್ನು ಬೀಸಿ ಒಗೆದಳು. ಒಳಕಲ್ಲಿಗೆ ಬಡಿದು ನನ್ನ ಪಕ್ಕೆ ಒಳಗೆ ಹೋಯಿತು. ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಶೈಲಾಳ ಮೇಲಿತ್ತು. ಇವಳು ಈಗ ಎದ್ದು ಹೋದರೆ ಮುದುಕಿಯ ಗತಿ ಏನು?

ಶೈಲಾ ಏಳಲಿಲ್ಲ. ಬೆಳಕಿನ ಕಡೆ ತಿರುಗಿ ತನ್ನ ಬಾಯನ್ನೇ ಅಗಲವಾಗಿ ತೆರೆದಳು. "ಮೊದಲ ನೀವ ನನ್ನ ಬಾಯಿ ನೋಡ್ರಿ. ಆಮ್ಯಾಲ ನಾ ನೋಡ್ತೀನಿ."

ಅಕ್ಕಾತಾಯಿ ಕಕ್ಕಾಬಿಕ್ಕಿಯಾದಳು. ಆದರೂ ಕುತೂಹಲ ತಡೆಯದೆ ಬಗ್ಗಿ ನೋಡಿಯೇ ನೋಡಿದಳು. "ಯವ್ವಾ, ಎರಡ ಹಲ್ಲಿಗೆ ಹುಳ ಹತ್ಯಾವಲ್ಲ! ಮಂದಿ ಊಟ ಬರಕೊಂಡ ತಿರಗತಿ, ನಿನ್ನ ಹಲ್ಲ ನೋಡಕೊಳ್ಳಾಕ ಬರೂದಿಲ್ಲೇನ?" ಎಂದು ಗದರಿ, ನಕ್ಕು, ತಾನೂ ಬಾಯಿ ತೆರೆದಳು. ಎಡಗೆನ್ನೆಯ ಒಳಗೆ, ದಿನಾ ಪುಡಿ ತಿಕ್ಕುತ್ತಿದ್ದ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಬಿಳಿ ಕಲೆ ಇತ್ತು.

ಬೆಳಗಾವಿಯ ದವಾಖಾನೆಗೆ ಹೋಗೋಣವೆಂದರೆ ಮತ್ತೆ ಮೊಂಡುತನ. "ನನ್ನ ಬಾಳೇವು ಆತು. ಇನ್ನೇನ ನೋಡೂದೈತಿ?" ಎಂದು ಕುಳಿತುಬಿಟ್ಟಳು. ಆಗ ಬಾಗಿಲ ಬಳಿ ನಿಂತಿದ್ದ ಸುನಂದಾ ಸೆರಗಿನ ತುದಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅತ್ತಿ, ನಾನೂ ತಿಕ್ಕತೀನ್ರಿ. ನಿಮ್ಮನ್ನ ನೋಡೇ ಕಲತೆ."

ಅಕ್ಕಾತಾಯಿ ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡಿದಳು. ಆಮೇಲೆ ಡಬ್ಬಿ ತೆಗೆದು ಒಲೆಯ ಬೂದಿಯಲ್ಲಿ ಬಗ್ಗಿಸಿದಳು. "ಸೀರಿ ಉಟಗೋ. ಇಬ್ಬರೂ ಹೋಗೂಣು" ಎಂದಳು.

ಚೀಲದೊಳಗಿದ್ದ ನಾನೂ ಅವರ ಜೊತೆ ದವಾಖಾನೆ ಕಂಡೆ. ಸುನಂದಾಳ ಬಾಯಿ ಚೊಕ್ಕಟವಾಗಿತ್ತು. ಅಕ್ಕಾತಾಯಿಯ ಕಲೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಎಂಟು ದಿನ ಶೈಲಾ ಸರಿಯಾಗಿ ಉಣ್ಣಲಿಲ್ಲ. ಅವಳ ಊಟವನ್ನು ಯಾರೂ ಬರೆದುಕೊಳ್ಳುವುದಿಲ್ಲ, ನಾನು ಬಲ್ಲೆ. ಎಂಟನೆಯ ದಿನ ಸುದ್ದಿ ಬಂತು. ಕಲೆ ಕ್ಯಾನ್ಸರಿನ ಹಾದಿ ಹಿಡಿದಿತ್ತು, ಆದರೆ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಅಷ್ಟನ್ನು ಕತ್ತರಿಸಿ ತೆಗೆದರು. ಮಶೇರಿ ಮುಟ್ಟಬಾರದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಹೇಳಿ ಕಳಿಸಿದರು.

ಶೈಲಾ ಡಾಕ್ಟರ್ ಹೆಬ್ಬಳ್ಳಿಯವರ ಮುಂದೆ ನಾಲ್ಕು ವರ್ಷದ ತಪ್ಪನ್ನು ಬಿಚ್ಚಿಟ್ಟಳು. ಅವರು ತಲೆಯ ಮೇಲೆ ಕೈಹೊತ್ತು ಕುಳಿತರು. ಆಮೇಲೆ ಎದ್ದು, "ಅವರ ಉತ್ತರ ಸರಿ ಇತ್ತು, ನಮ್ಮ ಪ್ರಶ್ನಿನೇ ತಪ್ಪಿತ್ತು. ಎಲ್ಲಾ ಮನಿಗೂ ಮತ್ತ ಹೋಗೋಣ" ಎಂದರು. ಫಾರಮಿಗೆ ಹೊಸ ಪ್ರಶ್ನೆ ಸೇರಿತು: ಹಲ್ಲಿಗೆ ಏನು ತಿಕ್ಕುತ್ತೀರಿ? ತಂಬಾಕು ಇಲ್ಲ ಎಂದಿದ್ದ ಹೆಂಗಸರಲ್ಲಿ ಮೂವರಿಗೊಬ್ಬರು ಮಶೇರಿ ತಿಕ್ಕುವವರೇ. ಅವರಲ್ಲಿ ಏಳು ಜನರ ಬಾಯಲ್ಲಿ ಬಿಳಿ ಕಲೆ ಸಿಕ್ಕಿತು, ಏಳೂ ಜನರನ್ನು ಹೊತ್ತಿಗೆ ಸರಿಯಾಗಿ ದವಾಖಾನೆಗೆ ಕಳಿಸಿದರು.

ನನ್ನ ಕೆಲಸ ಮಾತ್ರ ಹೋಯಿತು. ಗಾಜಿನ ಪಾತ್ರೆಯಿಂದ ನೀರು ಸುರಿದು ನೋಡಿದಾಗ ನೂರ ಮೂವತ್ತೆಂಟಕ್ಕೇ ಉಕ್ಕಿಬಿಟ್ಟೆ. ನಪಾಸು. ಬೀರುವಿನ ಮೂಲೆಗೆ ಬಿದ್ದ ನನ್ನನ್ನು ಶೈಲಾ ಒಂದು ದಿನ ಡಾಕ್ಟರನ್ನು ಕೇಳಿ ತೆಗೆದುಕೊಂಡಳು, ಅಕ್ಕಾತಾಯಿಗೆ ಒಯ್ದು ಕೊಟ್ಟಳು. ಮುದುಕಿ ನನ್ನ ತಗ್ಗನ್ನು ಹೆಬ್ಬೆರಳಿನಿಂದ ಸವರಿದಳು. ಬೂದಿ ಹಾಕಿ ತಿಕ್ಕಿದಳು, ಆದರೆ ಈ ಸಲ ಮೆಲ್ಲಗೆ.

ಈಗ ನಾನು ಅವಳ ಒಲೆಯ ಪಕ್ಕದ ಗೂಡಿನಲ್ಲಿದ್ದೇನೆ. ಅಳತೆ ತಪ್ಪಿದ ಬಟ್ಟಲಿಗೂ ಒಂದು ಬಾಳು ಉಂಟು, ಅದು ಹಿಂದಿನದಕ್ಕಿಂತ ಚೆನ್ನಾಗಿದೆ. ಎಲ್ಲವನ್ನೂ ಬಲ್ಲೆ ಎಂಬ ಹಟ ಬಿಟ್ಟಮೇಲೆ ಮೈ ಹಗುರಾಗಿದೆ.

ಮೊನ್ನೆ ಐದನೆಯ ವರ್ಷದ ಸರದಿ. ಶೈಲಾ ಬಂದಳು. ಚೀಲದಿಂದ ಹೊಸ ಮೂರನೆಯ ನಂಬರು ಥಳಥಳ ಹೊಳೆಯುತ್ತ ಹೊರಬಂತು, ನನ್ನ ತಗ್ಗನ್ನು ನೋಡಿ ಬಿಗಿದುಕೊಂಡಿತು. ಬಿಗಿದುಕೊಳ್ಳಲಿ ಬಿಡಿ, ಒಂದು ಕಾಲಕ್ಕೆ ನಾನೂ ಹಾಗೇ ಇದ್ದೆ.

"ಸಾರು ಎಷ್ಟ ಬಟ್ಟಲ ಆಯಿ?"

"ಎರಡು. ನಿನ್ನ ಬಟ್ಟಲ ಒಳಗಿಡು. ಇದರಾಗ ಎರಡು" ಎಂದು ಅಕ್ಕಾತಾಯಿ ನನ್ನನ್ನು ಎತ್ತಿ ತೋರಿಸಿದಳು.

"ಹಲ್ಲಿಗೆ?"

"ಬೇವಿನ ಕಡ್ಡಿ. ಸುನಂದಾಗೂ ಅದ. ನಿನ್ನ ಹುಳುಕ ಹಲ್ಲ ಡಾಕ್ಟರಗ ತೋರಿಸಿದ್ಯೋ ಇಲ್ಲೋ?"

ಶೈಲಾ ನಕ್ಕಳು. ಬಾಯಿಯ ಉರಿಯ ಬಗ್ಗೆ ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ ಎಂದು ಕಾಣುತ್ತದೆ, ತಲೆ ತಗ್ಗಿಸಿ ಪೆನ್ನು ತಿರುವುತ್ತ ಕುಳಿತಳು. ಅಕ್ಕಾತಾಯಿಗೆ ಗೊತ್ತಾಯಿತು. ವರ್ಷಕ್ಕೂ ಮೇಲಿನಿಂದ ಮುಟ್ಟಿರದ ರಂಜಕದ ಭರಣಿಯನ್ನು ಸೊಸೆಯಿಂದ ಇಳಿಸಿಕೊಂಡಳು. ಮಶೇರಿ ತೆಗೆಯುತ್ತಿದ್ದ ಅವೇ ಎರಡು ಬೆರಳಿನಿಂದ ಕೆಂಪಗೆ ಒಂದು ಚಿಟಿಕೆ ಎತ್ತಿ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಸುನಂದಾ ಭರಣಿಯ ಮುಚ್ಚಳ ಹಿಡಿದು ಅವಳ ಮುಖವನ್ನೇ ನೋಡಿದಳು, ಮುದುಕಿಯ ಮಡಿಲಿನಿಂದ ನಾನೂ.

ಮುದುಕಿಯ ಕಣ್ಣಂಚಿನಲ್ಲಿ ನೀರು ಬಂತು. ಕಣ್ಣು ತೆರೆದು ಚಪ್ಪರಿಸಿದಳು.

"ಬರಕೋ ತಂಗಿ" ಎಂದಳು. "ಖಾರ ಐತಿ. ಉರಿ ಇಲ್ಲ."