ಬಾಗಿಲ ಪಕ್ಕದ ಗಿಡ್ಡ ಬೆಂಚು

ಬೆಂಚು ಬಾಗಿಲ ಎಡಕ್ಕೇ ಇತ್ತು. ಬಲಕ್ಕಿತ್ತು ಎಂದು ತಗಾದೆ ತೆಗೆಯುವವರು ಮೊದಲು ಬಾಯಿಗೆ ಬೀಗ ಹಾಕಿಕೊಂಡು ಕೇಳಿ. ವಯಸ್ಸಾದವರ ತಲೆಯೆಂದರೆ ಗೆದ್ದಲು ತಿಂದ ಕಪಾಟು ಎಂದುಕೊಂಡಿದ್ದೀರೇನು? ಬೆಳಿಗ್ಗೆ ಕನ್ನಡಕ ಎಲ್ಲಿಟ್ಟದ್ದು ಎಂಬುದು ಮರೆತುಹೋಗಬಹುದು. ಆ ಬೆಂಚಿನ ಮೇಲೆ ಒಮ್ಮೆ ಕೂತು ಎದ್ದ ಮೊಣಕಾಲು ಮಾತ್ರ ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ಅಂಥ ಗಿಡ್ಡ ಬೆಂಚು. ಸುಮ್ಮನೆ ಕೇಳಿ. ನಡುವೆ ಬಾಯಿ ಹಾಕಿದರೆ ಕತೆ ಇಲ್ಲಿಗೇ ಖಲಾಸ್.

ತಂಗಿ ತನ್ನ ಚೀಲದ ಒಂದು ಹಿಡಿಕೆಯನ್ನು ಎಳೆಯುತ್ತಿದ್ದಳು, ಅಕ್ಕನ ಮಗಳು ಇನ್ನೊಂದನ್ನು. ಅದೂ ಸಾವಿನ ಮನೆಯ ಮುಂದೆ, ಹೋಗುವವರು ಬರುವವರೆಲ್ಲ ನೋಡುವ ಹಾಗೆ.

"ಚೀಲ ಬಿಡೆ, ಕಿತ್ತು ಹೋಗುತ್ತೆ."

"ಒಳಗೆ ಬನ್ನಿ ಚಿಕ್ಕಮ್ಮ, ಬಿಡ್ತೀನಿ."

"ಈ ಹೊಸಿಲು ತುಳಿಯಲ್ಲ ಅಂತ ಹೇಳಿದೋಳು ನಾನು. ಮಾತು ಅಂದ್ರೆ ಮಾತು."

"ಆ ಮಾತು ಯಾರಿಗೆ ಹೇಳಿದ್ರೋ ಅವಳೇ ಹೋದಳಲ್ಲ."

"ಅವಳು ಹೋದಳು, ಹೇಳಿದೋಳು ಇನ್ನೂ ಇದ್ದೀನಿ. ಹೊರಗೆ ತರ್ತಾರಲ್ಲ, ಆಗ ನೋಡ್ತೀನಿ."

"ಆಗ ಮುಖ ಮುಚ್ಚಿರ್ತಾರೆ ಚಿಕ್ಕಮ್ಮ. ಗಾಡಿ ಬರೋಕೆ ಇನ್ನು ಸ್ವಲ್ಪ ಹೊತ್ತೇ ಇರೋದು."

ಹುಡುಗಿ ಚೀಲ ಬಿಟ್ಟು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ತಂಗಿ ಬೀದಿಯಲ್ಲೇ ಉಳಿದಳು. ಮುಂಜಾನೆಯ ಬಸ್ಸು ಹಿಡಿದು, ಕಿಟಕಿಗೆ ಹಣೆ ಒತ್ತಿಕೊಂಡು ಇಷ್ಟು ದೂರ ಬಂದವಳು. ಮುಖ ನೋಡದೆ ಹಿಂತಿರುಗಿದರೆ ಉಳಿದ ಆಯಸ್ಸೆಲ್ಲ ಗಂಟಲಲ್ಲೊಂದು ಮುಳ್ಳು. ಹೊಸಿಲು ದಾಟಿದರೆ, ಕೂದಲು ಕಪ್ಪಗಿದ್ದಾಗ ಹಿಡಿದು ಬೆಳ್ಳಗಾಗುವವರೆಗೆ ಸಾಕಿಕೊಂಡು ಬಂದ ಹಟಕ್ಕೆ ಅರ್ಥವೇನು? ಕುಳ್ಳಗಿನ ಹೆಂಗಸು. ನಡೆದರೆ ಬೀದಿ ಅಳೆಯುವ ಹಾಗೆ ಕಾಣುತ್ತಿದ್ದವಳು ಈಗ ಒಂದು ಹೆಜ್ಜೆ ಮುಂದಿಡಲಾರದೆ, ಹಿಂದಿಡಲಾರದೆ ನಿಂತಿದ್ದಳು.

ಒಳಗೆ ಮಲಗಿದ್ದ ಅಕ್ಕನ ಕಸುಬು ಮನೆ, ಅಂಗಡಿ, ಆಸ್ಪತ್ರೆಗಳ ಒಳಾಂಗಣ ವಿನ್ಯಾಸ. ಯಾರ ಮನೆಗೆ ಹೋದರೂ ಅವಳು ಬಣ್ಣ ಯಾವುದು, ಮರ ಯಾವುದು ಎಂದು ಕೇಳುತ್ತಿರಲಿಲ್ಲ. ಮೊದಲ ಪ್ರಶ್ನೆಯೇ, "ಈ ಮನೇಲಿ ಮುನಿಸಿಕೊಂಡೋರು ಎಲ್ಲಿ ಹೋಗಿ ಕೂರ್ತೀರಿ?" ಜನ ತಬ್ಬಿಬ್ಬಾಗುತ್ತಿದ್ದರು. ಆಮೇಲೆ ಗಂಡ ಹೆಂಡತಿಯ ಮುಖ ನೋಡಿ, ಹೆಂಡತಿ ಗಂಡನ ಮುಖ ನೋಡಿ, ಮನೆಯ ನಿಜವಾದ ನಕ್ಷೆ ಹೊರಗೆ ಬರುತ್ತಿತ್ತು. ಅದಕ್ಕೇ ಊರು ಅವಳಿಗೆ ಮುನಿಸಕ್ಕ ಎಂದು ಹೆಸರಿಟ್ಟಿತ್ತು. ದೂರದ ಊರಿನಲ್ಲಿದ್ದ ತಂಗಿಯ ಕಿವಿಗೂ ಆ ಹೆಸರು ಬಿದ್ದಿತ್ತು. "ಮುನಿಸು ಹುಟ್ಟಿಸಿದೋಳೇ ಅದಕ್ಕೆ ಕುರ್ಚಿ ಹಾಕ್ತಾಳಂತೆ," ಎಂದು ಮೂಗು ಮುರಿದಿದ್ದಳು.

*

ಮುನಿಸು ಹುಟ್ಟಿದ್ದು ಒಂದು ಹೊಲಿಗೆ ಅಂಗಡಿಯಲ್ಲಿ.

ಅಂಗಡಿ ತಂಗಿಯದು. ಒಂದೇ ಕೋಣೆ. ಬಾಗಿಲಿಗೆ ಹೂವಿನ ಪರದೆ, ಗೋಡೆಯ ಉದ್ದಕ್ಕೂ ಬಟ್ಟೆಯ ಗಂಟುಗಳು, ನೆಲದ ಮೇಲೆ ಒಂದು ಜಮಖಾನ. ಹೆಂಗಸರು ಕುಪ್ಪಸದ ಅಳತೆ ಕೊಡಲು ಬಂದು ಅತ್ತೆಯ ಅಳತೆ, ನಾದಿನಿಯ ಅಳತೆ ಎಲ್ಲ ತೆಗೆದು, ಹಗುರಾಗಿ ಹೋಗುತ್ತಿದ್ದರು. ಕಾಲಲ್ಲಿ ತುಳಿಯುವ ಮಷೀನಿನ ಹಿಂದೆ ತಂಗಿ ಒಂದು ಹಳೇ ಮರದ ಪೆಟ್ಟಿಗೆಯ ಮೇಲೆ ಕೂರುತ್ತಿದ್ದಳು. ಪೇಟೆಯಲ್ಲಿ ಸಿಗುವ ಯಾವ ಕುರ್ಚಿಯಲ್ಲಿ ಕೂತರೂ ಅವಳ ಪಾದ ಪೂರ್ತಿ ಊರುತ್ತಿರಲಿಲ್ಲ. ಆ ಪೆಟ್ಟಿಗೆ ಅವಳಿಗೆಂದೇ ಹುಟ್ಟಿದ ಹಾಗಿತ್ತು.

ಅಕ್ಕ ಆಗಷ್ಟೇ ಓದು ಮುಗಿಸಿ ಬಂದಿದ್ದಳು. ತಲೆಯ ತುಂಬ ಪರಿಕಲ್ಪನೆ. "ನನ್ನ ಮೊದಲ ಕೆಲಸ ನಿಂದೇ ಕಣೆ. ಹಂಸ! ಹಂಸದ ಹಾಗೆ ಮಾಡ್ತೀನಿ ನೋಡು. ಎಲ್ಲ ಬೆಳ್ಳಗೆ, ಹಗುರಕ್ಕೆ, ತೇಲೋ ಥರ."

ಪರದೆ ಹೋಗಿ ಬೀದಿಯಗಲ ಗಾಜು ಬಂತು. ಜಮಖಾನ ಹೋಗಿ ಬಿಳಿಯ ನೆಲ. ಎತ್ತರದ, ಸಪೂರ ಕಾಲಿನ ಬಿಳಿ ಕುರ್ಚಿಗಳು. ಪೆಟ್ಟಿಗೆಯನ್ನು ಅಕ್ಕ ತಾನೇ ಹೊರಗೆ ಹೊತ್ತುಹಾಕಿದಳು.

ತಂಗಿ ಹೊಸ ಕುರ್ಚಿ ಹತ್ತಿ ಕೂತಳು. ಕಾಲು ನೇತಾಡಿದವು.

"ಅಕ್ಕಾ, ತುಳಿಯೋಕೇ ಆಗ್ತಿಲ್ಲ."

"ನೋಡೋಕೆ ಎಷ್ಟು ಚೆನ್ನಾಗಿದೆ! ತೇಲ್ತಾ ಇದ್ದೀಯ!"

"ಹಂಸಾನೂ ನೀರೊಳಗೆ ಕಾಲು ಆಡಿಸುತ್ತೆ ಕಣೆ."

ಅಕ್ಕ ನಕ್ಕಳು. ಫೋಟೋ ತೆಗೆದಳು. ಫೋಟೋ ಬಲು ಚೆನ್ನಾಗಿ ಬಂತು.

ಹೆಂಗಸರು ಬಂದು, ಗಾಜಿನ ಆಚೆ ನಿಂತ ಗಂಡಸರನ್ನು ನೋಡಿ, ಅಳತೆ ಪಟ್ಟಿಗೆ ತೋಳೆತ್ತದೆ ಹಿಂತಿರುಗಿದರು. ಮಾತಾಡಲು ಬರುತ್ತಿದ್ದವರಿಗೆ ನೆಲದಲ್ಲಿ ಕೂರಲು ಸಂಕೋಚ, ಕುರ್ಚಿಯಲ್ಲಿ ಕೂರಲು ಭಯ. ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಗೆ ಅಂಗಡಿಯ ಬಾಗಿಲೇ ಮುಚ್ಚಿತು. ಅಷ್ಟಕ್ಕೆ ತಂಗಿ ಅಕ್ಕನನ್ನು ಕ್ಷಮಿಸಿಬಿಡುತ್ತಿದ್ದಳೇನೋ. ಆದರೆ ಅಕ್ಕ ಖಾಲಿ ಅಂಗಡಿಯ ನಡುವೆ ನಿಂತು ಹೇಳಿದಳು, "ಈ ಊರಿನ ಹೆಂಗಸರಿಗೆ ರುಚಿ ಅನ್ನೋದೇ ಇಲ್ಲ."

"ಅವರಿಗೆ ರುಚಿ ಇಲ್ಲ, ನಂಗೆ ಕಾಲಿಲ್ಲ, ನಿಂಗೆ ಕಿವಿ ಇಲ್ಲ," ಎಂದಳು ತಂಗಿ. "ನೀನೂ ಮನೆ ಕಟ್ತೀಯಲ್ಲ ಒಂದು ದಿನ? ಅದರ ಹೊಸಿಲು ತುಳಿಯಲ್ಲ ನಾನು."

ಇನ್ನೊಂದು ಊರಿಗೆ ಹೋಗಿ, ಇನ್ನೊಬ್ಬರ ಕಾರ್ಖಾನೆಯಲ್ಲಿ ಕಾಲರು ಹೊಲಿದುಕೊಂಡು ಬದುಕಿದಳು. ಅಕ್ಕ ಒಂದೆರಡು ಸಲ ಹೋಗಿ ಬಾಗಿಲು ತಟ್ಟಿದ್ದುಂಟು. ಬಾಗಿಲು ತೆರೆಯಲಿಲ್ಲ.

*

"ಅಯ್ಯಯ್ಯೋ, ಹಿಡ್ಕೊಳ್ಳಿ ಯಾರಾದ್ರೂ!"

ಕೂಗಿದ್ದು ಊರೆಲ್ಲ ಜಿರಾಫೆ ಎಂದು ಕರೆಯುವ ಉದ್ದನೆಯ ಮೇಷ್ಟ್ರು. ಬೂಟು ಬಿಚ್ಚಲು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮೊಣಕಾಲು ಬಂದು ಗಲ್ಲಕ್ಕೆ ಒತ್ತಿ, ಏಳಲಾಗದೆ ಸಿಕ್ಕಿಬಿದ್ದಿದ್ದರು. ಹೆಂಡತಿ ಒಂದು ಕೈ, ಅಲ್ಲೇ ನಿಂತಿದ್ದ ಅಕ್ಕನ ಕೆಲಸದ ಬಡಗಿ ಒಂದು ಕೈ ಹಿಡಿದು ಎಬ್ಬಿಸಿದರು.

"ಎಲ್ಲರ ಮನೆ ಕುರ್ಚಿ ಮಂಚ ಸರಿ ಮಾಡಿದ ಮಹಾತಾಯಿ, ತನ್ನ ಬಾಗಿಲಲ್ಲಿ ಇಂಥದೊಂದು ಯಾಕಾದ್ರೂ ಮಾಡಿಸಿದಳೋ," ಎಂದರು ಮೇಷ್ಟ್ರು ಸೊಂಟ ನೀವಿಕೊಳ್ಳುತ್ತ.

"ಸಾವಿನ ಮನೇಲಿ ಬೆಂಚು ಬೈಬೇಡಿ," ಎಂದರು ಹೆಂಡತಿ. "ನಮ್ಮನೆ ಮೆಟ್ಟಿಲ ಕೆಳಗೆ ನಿಮಗೊಂದು ಗೂಡು ಮಾಡಿಕೊಟ್ಟಳಲ್ಲ, ಅದಿಲ್ಲದಿದ್ರೆ ನಾನು ಯಾವತ್ತೋ ತವರಿಗೆ ಹೋಗಿರ್ತಿದ್ದೆ. ಮೊದಲೆಲ್ಲ ಸಿಟ್ಟು ಬಂದ್ರೆ ಇವರು ಬೀದಿ ಸುತ್ತೋಕೆ ಹೋಗೋರು, ಊಟದ ಹೊತ್ತಿಗೂ ಪತ್ತೆ ಇಲ್ಲ. ಈಗ ಗೂಡಿಗೆ ಹೋಗ್ತಾರೆ. ಅಡುಗೆಮನೆ ಕಡೆಗೊಂದು ಕಿಂಡಿ ಇದೆ. ಒಗ್ಗರಣೆ ವಾಸನೆ ಹೋಗ್ತಿದ್ದ ಹಾಗೇ ಕಿಂಡೀಲಿ ಮೂಗು."

"ಮೂಗಲ್ಲ, ಕಣ್ಣು," ಎಂದರು ಮೇಷ್ಟ್ರು. ಅಲ್ಲಿದ್ದವರು ನಗು ನುಂಗಿಕೊಂಡರು. ಮೇಷ್ಟ್ರ ದನಿ ಮಾತ್ರ ಸಣ್ಣಗಾಯಿತು. "ಮುನಿಸಿಕೊಂಡೋರಿಗೆ ಬೆನ್ನು ತಿರುಗಿಸೋಕೆ ಒಂದು ಗೋಡೆ ಬೇಕು, ತಿರುಗಿ ನೋಡೋಕೆ ಒಂದು ಕಿಂಡಿ ಬೇಕು ಅನ್ನೋಳು. ಎಲ್ಲಿ ಕಲಿತೆ ತಾಯಿ ಅಂದ್ರೆ, ನಮ್ಮನೇಲಿ ಒಬ್ಬಳಿದ್ದಳು, ಅವಳ ಹತ್ರ ಅನ್ನೋಳು."

ಗಂಡ ಹೆಂಡತಿ ಇಬ್ಬರೂ ಒಳಗೆ ಹೋದರು. ಬೀದಿಯಲ್ಲಿ ನಿಂತಿದ್ದ ತಂಗಿಗೆ ಇದೆಲ್ಲ ಕೇಳಿಸಿತು. ಕೇಳಿಸದ ಹಾಗೆ ಎದುರಿನ ಅಂಗಡಿಯ ಬೋರ್ಡು ಓದಿದಳು. ಓದಿದ್ದನ್ನೇ ಮತ್ತೆ ಓದಿದಳು. ಬಸ್ಸಿನಲ್ಲಿ ಊದಿಕೊಂಡ ಕಾಲು ಚಪ್ಪಲಿಯ ಪಟ್ಟಿಯಲ್ಲಿ ಉರಿಯುತ್ತಿತ್ತು. ಬೆಂಚು ಖಾಲಿಯಿತ್ತು. ಅದು ಹೊಸಿಲಿನ ಹೊರಗೇ ಇತ್ತಲ್ಲ. ಅಲ್ಲಿ ಕೂತರೆ ಮಾತು ಮುರಿದ ಹಾಗಾಗುವುದಿಲ್ಲ.

ಹೋಗಿ ಕೂತಳು.

ಕೂತ ಮೇಲೆ ಎಂದಿನಂತೆ ಪಾದಗಳನ್ನು ಒಂದರ ಮೇಲೊಂದು ಹೆಣೆದುಕೊಳ್ಳಲು ಹೋದಳು. ಎಲ್ಲಿ ಕೂತರೂ ಹಾಗೇ, ನೇತಾಡುವುದನ್ನು ಯಾರೂ ನೋಡದಿರಲೆಂದು. ಆದರೆ ಅವು ಆಗಲೇ ನೆಲದ ಮೇಲಿದ್ದವು. ಎರಡೂ ಪಾದ, ಹಿಮ್ಮಡಿಯ ಸಮೇತ. ತೊಡೆಗೆ ಅಂಚು ಒತ್ತುತ್ತಿರಲಿಲ್ಲ. ಬೆನ್ನು ತಾನಾಗಿ ಗೋಡೆಗೆ ಒರಗಿತು.

ಬಡಗಿ ಇನ್ನೂ ಅಲ್ಲೇ ನಿಂತು ಅವಳ ಪಾದಗಳನ್ನೇ ನೋಡುತ್ತಿದ್ದ.

"ಏನಪ್ಪಾ, ಕಾಲು ನೋಡಿಲ್ವಾ ಯಾವತ್ತೂ?"

"ಕ್ಷಮಿಸಿ ಅಮ್ಮ. ಈ ಬೆಂಚಿನ ಮೇಲೆ ಸರಿಯಾಗಿ ಕೂತೋರನ್ನ ಇವತ್ತೇ ನೋಡ್ತಿರೋದು." ಅವನು ಕುಕ್ಕರಗಾಲಲ್ಲಿ ಕೂತ. "ಇದು ನಾನೇ ಮಾಡಿದ್ದು. ಊರೋರ ಬೈಗುಳವೆಲ್ಲ ನನ್ನ ಪಾಲಿಗೆ. ಮೊದಲು ಎಲ್ಲರೂ ಮಾಡೋ ಎತ್ತರಕ್ಕೇ ಮಾಡಿ ತಂದಿದ್ದೆ. ಅಕ್ಕೋರು ಕೂತು ನೋಡಿ, ಕಾಲು ಕೊಯ್ಯಿ ಅಂದ್ರು. ಕೊಯ್ದೆ. ಇನ್ನೂ ಕೊಯ್ಯಿ ಅಂದ್ರು. ಬೆಂಚಿಗೆ ಕಾಲೇ ಉಳಿಯಲ್ಲ ಅಂದೆ. ಆಗ ಒಳಗಿಂದ ಒಂದು ಹಳೇ ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟರು. ಇದರಷ್ಟೇ ಇರಬೇಕು, ಒಂದು ಬೆರಳೂ ಜಾಸ್ತಿ ಬೇಡ ಅಂದ್ರು."

ತಂಗಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬರೋರೆಲ್ಲ ಬೈತಾರೆ ಅಕ್ಕೋರೆ ಅಂದೆ. ಎಲ್ಲರೂ ಬೈಲಿ, ಒಬ್ಬಳು ಬೈದೇ ಇದ್ರೆ ಸಾಕು ಅಂದ್ರು."

"ಆ ಪೆಟ್ಟಿಗೆ..."

"ನನ್ನ ಅಂಗಡೀಲೇ ಇದೆ. ಮೊಳೆ ಡಬ್ಬಿ ಇಟ್ಕೊಂಡಿದ್ದೀನಿ. ಒಂದು ಪಕ್ಕದಲ್ಲಿ ಸೀಮೆಸುಣ್ಣದ ಗೀಟುಗಳಿವೆ, ಯಾರೋ ಬಟ್ಟೆ ಗುರುತು ಹಾಕಿ ಹಾಕಿ."

ಯಾರೋ! ತಂಗಿ ಮುಖ ತಿರುಗಿಸಿದಳು. ತಿರುಗಿಸಿದ ಕೆನ್ನೆಗೆ ತಣ್ಣಗೆ ಗಾಜು ತಾಗಿತು. ಗೋಡೆಯಲ್ಲಿ, ಸರಿಯಾಗಿ ಅವಳ ಮುಖದ ಮಟ್ಟಕ್ಕೆ, ಒಂದು ಪುಟ್ಟ ಕಿಟಕಿ. ಒಳಗೆ ನಡುಮನೆ. ನೇರ ಎದುರಿಗೆ ಅಕ್ಕ.

ಅಕ್ಕನ ಮುಖ ಕಿಟಕಿಯ ಕಡೆಗೇ ಇತ್ತು. ತೆಳ್ಳಗಾಗಿದ್ದಳು. ಮೂಗು ಮಾತ್ರ ಹಾಗೇ, ಅಮ್ಮನ ಮೂಗು. ಯಾವುದೋ ಕೋಣೆಯನ್ನು ಕಣ್ಣು ಮುಚ್ಚಿಕೊಂಡು ಯೋಚಿಸುವಾಗ ಹಣೆಯಲ್ಲಿ ಮೂಡುತ್ತಿದ್ದ ಗೆರೆ ಈಗ ಸಡಿಲಾಗಿತ್ತು. ಒಳಗೆ ಯಾರೋ, ಮಂಚವನ್ನು ಫ್ಯಾನಿನ ಕೆಳಗೆ ಸರಿಸೋಣ, ಜನ ಓಡಾಡಲು ಜಾಗವಾಗುತ್ತದೆ ಎನ್ನುತ್ತಿದ್ದರು.

"ಬೇಡ," ಎಂದ ಭಾವನ ದನಿ ಗಾಜಿನಾಚೆಯಿಂದ ಕೇಳಿತು. "ಅವಳ ಕುರ್ಚಿ ಇದ್ದಿದ್ದು ಅಲ್ಲೇ. ದಿನಾ ಸಂಜೆ ಟೀವಿಗೆ ಬೆನ್ನು ಹಾಕಿ, ಆ ಕಿಟಕಿ ನೋಡ್ಕೊಂಡು ಕೂರೋಳು. ಟೀವಿ ಈ ಕಡೆ ಇದೆ ಮಾರಾಯ್ತಿ ಅಂತ ರೇಗಿಸ್ತಿದ್ದೆ. ನಂಗೆ ಬೇಕಾಗಿರೋದು ಈ ಕಡೆ ಇದೆ ಅನ್ನೋಳು. ಇವತ್ತೊಂದು ದಿನ ಅಲ್ಲೇ ಇರಲಿ."

ಬೀದಿಯ ತಿರುವಿನಲ್ಲಿ ಗಾಡಿಯ ಸದ್ದಾಯಿತು.

ತಂಗಿ ಎದ್ದಳು. ಏಳುವುದೂ ಎಷ್ಟು ಸಲೀಸಾಗಿತ್ತು! ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದಳು. ಹೊಸಿಲಿನ ಮುಂದೆ ಒಂದು ಗಳಿಗೆ ನಿಂತು, ಬಡಗಿಗೆ ಕೇಳುವ ಹಾಗೆ ಅಂದಳು:

"ನನ್ನ ಮಾತು ಮುರೀದೇ ಇರಲಿ ಅಂತ ಹೊರಗೇ ಹಾಕಿಸಿದ್ದಾಳೆ ನೋಡು, ಕಳ್ಳಿ. ಇಷ್ಟು ಮಾಡಿದೋಳ ಮುಂದೆ ಹಟ ಇಟ್ಕೊಂಡು ಏನು, ಉಪ್ಪಿನಕಾಯಿ ಹಾಕಲಾ?"

ಹೊಸಿಲಿನ ಮೇಲೆ ಬೇಕೆಂದೇ ಬಲವಾಗಿ ಕಾಲಿಟ್ಟು ತುಳಿದು, ಒಳಗೆ ಹೋದಳು. ಅಕ್ಕನ ಕೆನ್ನೆ ಮುಟ್ಟಿದಳು. ಕಿವಿಯ ಬಳಿ ಬಗ್ಗಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ಗಾಡಿಯವರು ಕಾದರು.

*

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ಜನ ಚದುರಿದರು. ಭಾವ ಅಕ್ಕನ ಕುರ್ಚಿಯನ್ನು ಹೊತ್ತು ತಂದು ಅದರ ಜಾಗದಲ್ಲಿಟ್ಟು, ಮೊದಲ ಸಲ ತಾವು ಅದರಲ್ಲಿ ಕೂತರು. ಎದುರಿನ ಕಿಟಕಿಯಲ್ಲಿ ನಾದಿನಿಯ ಮುಖ ಕಂಡಿತು. ಬೆಂಚಿಗೆ ಹಿಂತಿರುಗಿ ಕೂತಿದ್ದಳು.

"ಒಳಗೆ ಬಂದು ಆಯ್ತಲ್ಲ, ಮತ್ತೆ ಯಾಕೆ ಹೊರಗೆ?"

"ನಿಮ್ಮ ಸೋಫಾ ಎತ್ತರ ಭಾವ. ನಂಗೆ ಇದೇ ಸರಿ. ಟೀ ಇತ್ತ ಕೊಡಿ."

ಗಾಜು ಸರಿಯಿತು. ಕಿಟಕಿಯ ಅಂಚು ಒಂದು ಲೋಟ ಕೂರುವಷ್ಟೇ ಅಗಲವಿತ್ತು. ಅಕ್ಕನ ಮಗಳು ಲೋಟ ಇಟ್ಟು, ಅಲ್ಲೇ ಒರಗಿ ನಿಂತಳು.

"ಚಿಕ್ಕಮ್ಮ, ಅಮ್ಮ ಒಂದು ಮಕ್ಕಳ ಆಸ್ಪತ್ರೆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾಳೆ. ನಾನು ಮುಗಿಸ್ಬೇಕು. ಪರದೆ ಹೊಲಿಯೋರು ಯಾರೂ ಸರಿಯಾಗಿ ಸಿಕ್ತಿಲ್ಲ."

"ನಾನು ಕಾಲರು ಹೊಲಿಯೋಳು."

"ಗೊತ್ತು."

ತಂಗಿ ಟೀ ಕುಡಿದಳು. ಲೋಟ ಅಂಚಿನ ಮೇಲಿಟ್ಟಳು. "ಮಲಗಿರೋ ಮಗುಗೆ ಬಾಗಿಲು ಕಾಣುತ್ತಾ?"

"ಹಾಂ?"

"ಪರದೆ ಎಳೆದ ಮೇಲೂ, ಅಮ್ಮ ಬಂದಳಾ ಅಂತ ಮಲಗಿದಲ್ಲಿಂದಲೇ ಬಾಗಿಲು ಕಾಣಬೇಕಲ್ಲ? ನಾಳೆ ಕರ್ಕೊಂಡು ಹೋಗು. ನಾನು ಒಂದ್ಸಲ ಆ ಮಂಚದ ಮೇಲೆ ಮಲಗಿ ನೋಡ್ಬೇಕು. ಆ ಬಡಗಿಗೂ ಹೇಳು, ಮೊಳೆ ಡಬ್ಬಿಗೆ ಬೇರೆ ಜಾಗ ನೋಡ್ಕೊಳ್ಳಲಿ. ಪೆಟ್ಟಿಗೆ ನಂದು."

ಹುಡುಗಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಭಾವನಿಗೆ ತಿಳಿಯಲಿಲ್ಲ. ಅವರು ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ತಂಗಿ ಬೀದಿ ನೋಡುತ್ತ ಕೂತಿದ್ದಳು. ಅವಳಿಗೇ ಗೊತ್ತಿಲ್ಲದೆ ಅವಳ ಬರಿಗಾಲು ನೆಲ ತುಳಿಯತೊಡಗಿತ್ತು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಮಷೀನಿನ ಗಾಲಿ ತಿರುಗಲು ಶುರುವಾದಾಗಿನ ಹಾಗೆ ಮೊದಲು ನಿಧಾನ, ಆಮೇಲೆ ಒಂದೇ ಲಯ.

ಇದನ್ನು ಮುಂದೆ ದಾಟಿಸಿ. ಹೊಸಿಲ ಹೊರಗೆ ನಿಂತವರು ಯಾರಾದರೂ ಗೊತ್ತಿದ್ದರೆ ಮೊದಲು ಅವರಿಗೇ ಹೇಳಿ. ಬೇಕಾದರೆ ಮೇಷ್ಟ್ರನ್ನು ಇನ್ನೂ ಉದ್ದ ಮಾಡಿ, ಬೆಂಚನ್ನು ಬಲಕ್ಕೇ ಇಟ್ಟುಕೊಳ್ಳಿ, ಹಾಳಾಗಿಹೋಗಲಿ. ಎತ್ತರ ಮಾತ್ರ ಒಂದು ಬೆರಳೂ ಹೆಚ್ಚಿಸಬೇಡಿ.