ಗಂಜಿಯ ತೂಕ

ಅಂಗಳದ ಬಿದಿರಿಗೆ ಹರವಿದ ಸೀರೆಯ ಅರ್ಧಕ್ಕೆ ಗಂಜಿ ಹಚ್ಚಿ ಆಗಿತ್ತು. ಸಾತವ್ವ ಕುಂಚವನ್ನು ಮತ್ತೆ ಗಡಿಗೆಯಲ್ಲಿ ಅದ್ದಿ, ಅಂಚಿನ ಕಡೆಗೆ ಇನ್ನೊಂದು ಕೈ ದಪ್ಪಗೆ ಎಳೆಯುತ್ತಿದ್ದಳು. ನೆರೆಮನೆಯ ಅಕ್ಕವ್ವ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಕುಂಚ ಕೆಳಗಿಡು, ಸಾತವ್ವ. ನಿಮ್ಮತ್ತಿ ಹೋದ್ಳು.”

ಕೈ ತೊಳೆಯಬೇಕೆಂಬುದು ಸಾತವ್ವನಿಗೆ ಹೊಳೆಯಲಿಲ್ಲ. ಒಳಗೆ ಹೋಗಿ ಅತ್ತೆ ಸಿದ್ದಕ್ಕನ ಅರೆತೆರೆದ ಕಣ್ಣು ಮುಚ್ಚಿದಳು. ಬೆರಳು ತೆಗೆದಾಗ ಎರಡೂ ರೆಪ್ಪೆಗಳ ಮೇಲೆ ಗಂಜಿ ಬೆಳ್ಳಗೆ ಅಂಟಿತ್ತು. ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಹರಡಿತು.

“ಇರಲಿ ಬಿಡು,” ಎಂದಳು ಅಕ್ಕವ್ವ. “ನೇಯೂ ಮನಿಯಾಕಿ. ಗಂಜಿ ಆಕಿಗೇನು ಹೊಸಾದಲ್ಲ.”

ಸಾತವ್ವನ ಮುಖ ಬಿಸಿಯಾಯಿತು. ಈ ಗಂಜಿ ಎಂಥದೆಂದು ಅಕ್ಕವ್ವನಿಗೆ ತಿಳಿಯದು.

ವಡಗಾವಿಯ ಆ ಓಣಿಯಲ್ಲಿ ಸಾವಕಾರರು ನೂಲನ್ನೂ ರೇಷ್ಮೆಯನ್ನೂ ತೂಗಿ ಕೊಡುತ್ತಿದ್ದರು, ನೇದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಅತ್ತೆ ಹಾಸಿಗೆ ಹಿಡಿದಂದಿನಿಂದ ಸಾತವ್ವ ಪ್ರತಿ ಸೀರೆಯ ಅಂಚಿನಲ್ಲಿ ಕೆಂಪು ರೇಷ್ಮೆಯ ಕೆಲವು ಎಳೆ ಉಳಿಸಿಕೊಳ್ಳುತ್ತಿದ್ದಳು. ಕಡಿಮೆ ಬಿದ್ದ ತೂಕವನ್ನು ಗಂಜಿ ತುಂಬಿಕೊಡುತ್ತಿತ್ತು. ಉಳಿಸಿದ್ದೆಲ್ಲ ಸಣ್ಣ ಗಂಟಾಗಿ ಜೋಳದ ಗಡಿಗೆಯ ತಳದಲ್ಲಿತ್ತು. ಮಾರುವುದಕ್ಕಲ್ಲ. ಹನ್ನೆರಡು ವರ್ಷ ಪರರ ಮೈಮೇಲಿನ ಅಂಚು ನೇದವಳಿಗೆ, ಈ ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯ ನಾತಾಳಕ್ಕೆ, ಕ್ರಿಸ್ತ ಹುಟ್ಟಿದ ಹಬ್ಬಕ್ಕಾದರೂ, ಕೆಂಪು ಅಂಚಿನ ಸೀರೆಯೊಂದನ್ನು ಉಟ್ಟು ಪ್ರಾರ್ಥನೆಯ ಮುಂದಿನ ಸಾಲಿನಲ್ಲಿ ಕೂಡಬೇಕೆಂಬ ಆಸೆ. ಅಷ್ಟೇ.

*

ಎಂಟು ದಿನದ ಹಿಂದೆ, ಮಡಿಚಿಟ್ಟ ಸೀರೆಯನ್ನು ಸಿದ್ದಕ್ಕ ಹಾಸಿಗೆಗೇ ತರಿಸಿಕೊಂಡಿದ್ದಳು. ಕಣ್ಣು ಮಂಜಾಗಿತ್ತು. ಬೆರಳಿನಿಂದ ಅಂಚು ಮುಟ್ಟಿ ನೋಡಿದಳು.

“ಗಂಜಿ ದಪ್ಪ ಆಗೇತಿ, ಮಗಳ.”

“ಥಂಡಿ ಹವಾ ಅಲ್ರಿ ಅತ್ತಿ. ಲಗೂನ ಒಣಗವಲ್ದು.”

ಸಿದ್ದಕ್ಕ ಅಂಚು ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೇ ನಕ್ಕಳು.

“ನಗೂ ಮಾತೊಂದು ಹೇಳ್ತೀನಿ ಕೇಳು. ಪ್ಲೇಗಿನಾಗ ನಿಮ್ಮ ಮಾವ ಹೋದ ಮ್ಯಾಲೆ ಉಪದೇಶಿ ಮಾಯಪ್ಪಾರ ಕಡಿಂದ ಪ್ರಾರ್ಥನಿ ಕಲತೆ. ಅದರಾಗ ನಮ್ಮನ್ನ ಶೋಧನಿಯೊಳಗ ಸೇರಿಸಬ್ಯಾಡ ಅಂತ ಒಂದು ಮಾತು ಬರ್ತೈತಿ. ನಾ ಏನ್ ತಿಳಕೊಂಡಿದ್ದೆ ಹೇಳು? ಸಾವಕಾರ ನಮ್ಮ ಬುಟ್ಟಿ ಶೋಧ ಮಾಡ್ತಾನಲ್ಲ, ಅದ ಅಂತ.”

“ಅಂದ್ರ ಹೆಂಗ್ರಿ?”

“ಆವಾಗ ನಾನೂ ಎಳಿ ಉಳಸ್ತಿದ್ದೆ. ಬುಟ್ಟಿ ತಳಕ್ಕ ರೇಷ್ಮಿ ಮುಚ್ಚಿಟಗೊಂಡು, ಸಾವಕಾರ ಶೋಧ ಮಾಡದಂಗ ನೋಡಕೋ ಕರ್ತನೇ ಅಂತ ಕಣ್ಣೀರು ಹಾಕಿ ಬೇಡತಿದ್ದೆ. ಇಂಥಾ ಭಕ್ತಿ ಯಾರಿಗೂ ಇಲ್ಲ ಅಂತ ಮಾಯಪ್ಪಾರು ಮಂದಿ ಮುಂದ ಹೊಗಳತಿದ್ರು.”

ಸಾತವ್ವನಿಗೆ ನಗು ಬಂತು. ನಕ್ಕು, ಅತ್ತೆಯ ಹೊದಿಕೆ ಸರಿಮಾಡಿದಳು.

“ಒಂದಿನ ಅವರನ್ನ ಅರ್ಥ ಕೇಳಿದೆ. ಶೋಧನಿ ಅಂದ್ರ ಬುಟ್ಟ್ಯಾಗ ಮತ್ತೊಬ್ಬರು ಕೈ ಹಾಕೂದಲ್ಲವ್ವಾ, ಮನಸಿನ್ಯಾಗ ಆಸೆ ಕೈ ಹಾಕೂದು ಅಂದ್ರು. ನಾ ಅಲ್ಲೇ ನಾಚಿ ಇಳದ್ಹೋದೆ. ಕಳ್ಳತನಕ್ಕ ಕಾವಲು ನಿಂದ್ರು ಅಂತ ಆ ದೇವರನ್ನ ಬೇಡಿದ್ನಲ್ಲ. ಮರುದಿನ ಗಂಟು ಕಟಗೊಂಡು ಸಾವಕಾರನ ಅಂಗಡಿಗೆ ಹೋದೆ. ಮಂದಿ ಮುಂದ ಬಿಚ್ಚಿಸಿದ. ಆರು ತಿಂಗಳ ಕೆಲಸ ಕೊಡಲಿಲ್ಲ.”

“ಆಮ್ಯಾಲೆ ಆಸೆ ಹೋತೇನ್ರಿ?”

“ಎಲ್ಲಿ ಹೋಗ್ತೈತಿ? ದಿನಾ ಮಗ್ಗಕ್ಕ ಕುಂತ ಕೂಡ್ಲೆ ಬರ್ತಿತ್ತು. ದಿನಾ ಬೇಡಕೋತಿದ್ದೆ. ಮನಸು ಕೇಳಲಿಲ್ಲ. ಕೈ ಅಷ್ಟ ಕೇಳ್ತು.”

ಮುದುಕಿ ಸೀರೆಯನ್ನು ಸೊಸೆಯ ಮಡಿಲಿಗೆ ಇಟ್ಟಳು. ಸಾತವ್ವ ಅದನ್ನು ಹಾಗೆಯೇ ಒಯ್ದು ಸಾವಕಾರನಿಗೆ ಕೊಟ್ಟಳು. ತೂಕ ಸರಿಯಾಗಿತ್ತು.

*

ಮಧ್ಯಾಹ್ನದ ಹೊತ್ತಿಗೆ ಶವದ ಪೆಟ್ಟಿಗೆ ಬಂತು. ಸಿದ್ದಕ್ಕನ ಅಣ್ಣ ಬಸಲಿಂಗಪ್ಪ, ತಂಗಿ ಕಡೆಗಾಲದಲ್ಲಿದ್ದಾಳೆಂದು ಕೇಳಿ, ಹಿಂದಿನ ದಿನವೇ ಖಾನಾಪುರದಿಂದ ರೈಲಿಗೆ ಬಂದು, ಅನಗೋಳದ ನೆಂಟರಲ್ಲಿ ಇಳಿದಿದ್ದ. ತಂಗಿ ಕ್ರಿಸ್ತನ ಕಡೆಗೆ ಹೋದ ಮೇಲೆ ಆ ಮನೆಯಲ್ಲಿ ಅವನು ನೀರು ಮುಟ್ಟಿರಲಿಲ್ಲ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಪೆಟ್ಟಿಗೆಯ ಉದ್ದವನ್ನು ನೋಡುತ್ತ ಅಂಗಳದಲ್ಲೇ ನಿಂತ.

“ಮಲಗಸ್ತೀರೇನ್ರಿ? ಕುಂದರ್ಸೂದಿಲ್ಲ?”

“ನಮ್ಮೊಳಗ ಮಲಗಸ್ತೀವ್ರಿ,” ಎಂದರು ಉಪದೇಶಿ ಮಾಯಪ್ಪ ಮೆಲ್ಲಗೆ.

“ನಮ್ಮ ಮನಿತನದಾಗ ಮಲಗಿ ಮಣ್ಣಿಗೆ ಹೋದವರು ಯಾರೂ ಇಲ್ರಿ.”

ಅಕ್ಕವ್ವ ನೀರಿನ ಕೊಡ ಇಳಿಸಿದಳು. “ನಲವತ್ತು ವರ್ಷ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಾಳ್ರಿ ಅಣ್ಣಾರ. ಇನ್ನರ ಕಾಲು ಚಾಚಲಿ ಬಿಡ್ರಿ.”

ಬಸಲಿಂಗಪ್ಪ ಕೊಡದ ನೀರಿನ ಕಡೆ ನೋಡಿದ. “ಸಾವಕಾರ ಕೆಲಸ ಬಿಡಿಸಿದಾಗ ಖಾನಾಪುರಕ್ಕ ಬಂದಿದ್ಳು,” ಎಂದ, ಯಾರನ್ನೂ ನೋಡದೆ. “ಹೊರಗ ಕಟ್ಟಿ ಮ್ಯಾಲೆ ಕುಂದ್ರಿಸಿ ರೊಟ್ಟಿ ಕೊಟ್ಟೆ. ಒಳಗ ಕರೀಲಿಲ್ಲ. ಯಾಕ ಒಪಗೊಂಡಿ, ಸುಮ್ಮನಿದ್ರ ಯಾರಿಗೆ ತಿಳೀತಿತ್ತು ಅಂತ ಬೈದೆ. ನನಗ ತಿಳೀತಿತ್ತಲ್ಲಣ್ಣಾ, ಅಂದ್ಳು.” ಪೇಟದ ತುದಿಯಿಂದ ಮೂಗು ಒರೆಸಿಕೊಂಡು, “ಒಂದು ಚರಿಗಿ ನೀರು ಕೊಡವ್ವಾ,” ಎಂದು ಸಾತವ್ವನ ಕಡೆ ಕೈ ಚಾಚಿದ. ಅಲ್ಲೇ ಕುಡಿದ.

ಚರಿಗೆಯನ್ನು ಒಳಗಿಟ್ಟವಳು ಜೋಳದ ಗಡಿಗೆಗೆ ಮೊಳಕೈವರೆಗೆ ಕೈ ಹಾಕಿದಳು. ಹೆಂಗಸರೆಲ್ಲ ಅಂಗಳದಲ್ಲಿದ್ದರು. ಬಿಳಿ ಸೀರೆ ಉಡಿಸಿದ ಅತ್ತೆಯ ಬಲಗೈಯ ಕೆಳಗೆ ರೇಷ್ಮೆಯ ಗಂಟನ್ನು ತೂರಿಸಿ, ಮೇಲೆ ಸೆರಗು ಎಳೆದಳು. ಮಣ್ಣಿಗೆ ಹೋದರೆ ಮುಗಿಯಿತು. ಮತ್ತೆ ಯಾರೂ ಶೋಧ ಮಾಡುವಂತಿಲ್ಲ.

ಆ ಮಾತು ಮನಸ್ಸಿಗೆ ಬಂದದ್ದೇ, ಸೆರಗು ಎಳೆದ ಕೈ ಅಲ್ಲೇ ನಿಂತಿತು. ಮಂದಿಯ ಮುಂದೆ ಗಂಟು ಬಿಚ್ಚಿ ನಿಂತ ಹೆಂಗಸಿನ ಕೈಯಲ್ಲಿ, ಸತ್ತ ಮೇಲೆ, ತಾನು ಕದ್ದ ಮಾಲು. ಸಾತವ್ವ ಗಂಟನ್ನು ಕಿತ್ತುಕೊಂಡು ಉಡಿಗೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಗಂಡ ಈರಣ್ಣ ಕರೆದ: ಸಾವಕಾರರು ಬಂದಿದ್ದಾರೆ.

ಭೂಪಾಲಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ನಿಂತಿದ್ದ. ಜೈನರ ಪೈಕಿ ದೊಡ್ಡ ವ್ಯಾಪಾರಸ್ಥ. ಸಾವಿನ ಮನೆಗೆ ಬರುವವನಲ್ಲ.

“ಆವತ್ತು ನಾ ಸಣ್ಣಾಂವ ಇದ್ದೆ, ಈರಣ್ಣ. ಆಕಿ ತಾನಾಗಿ ತಂದು ಕೊಟ್ಟಿದ್ದನ್ನ ಹತ್ತು ಮಂದಿ ಮುಂದ ಬಿಚ್ಚಿಸಿದೆ. ಇಪ್ಪತ್ತು ವರ್ಷ ಆತು, ಆಕಿ ಮಾರಿ ನೋಡಿ ಮಾತಾಡಿಲ್ಲ ನಾನು.” ಪೆಟ್ಟಿಗೆಯ ಕಡೆ ಕೈ ಮುಗಿದ. “ಇನ್ನ ಮ್ಯಾಲೆ ಈ ಮನಿ ಸೀರಿ ತಕ್ಕಡಿಗೆ ಹಾಕೂದಿಲ್ಲ. ಸಿದ್ದಕ್ಕನ ಹೆಸರಿನ ಮ್ಯಾಲೆ ಹಂಗ ತಗೋತೀನಿ. ತಂಗೀ, ಕೇಳಿದಿಲ್ಲೋ?”

“ಹೂಂರೀ,” ಎಂದಳು ಸಾತವ್ವ. ಉಡಿಯಲ್ಲಿ ಗಂಟು ಹೊಟ್ಟೆಗೆ ಒತ್ತುತ್ತಿತ್ತು.

ಅಕ್ಕವ್ವ ಕಿವಿಯ ಬಳಿ ಪಿಸುಗುಟ್ಟಿದಳು. “ಪುಣ್ಯಾ ಮಾಡೀದಿ. ಹಿಂಗ ಯಾರಿಗೂ ಅಂದಾಂವಲ್ಲ ಇಂವಾ.”

ಸಮಾಧಿಯ ಕುಣಿಯ ಹತ್ತಿರ ಮಾಯಪ್ಪ ಪ್ರಾರ್ಥನೆ ಹೇಳಿಸಿದರು. ಎಲ್ಲರೂ ಹೇಳಿದರು. ಶೋಧನೆಯ ಮಾತು ಬಂದಾಗ ಸಾತವ್ವನ ತುಟಿ ಮಾತ್ರ ಆಡಿತು, ಸ್ವರ ಹೊರಡಲಿಲ್ಲ. ಮಣ್ಣು ಹಾಕಲು ಬಗ್ಗಿದಾಗ ಉಗುರಿನ ಸಂದಿಯಲ್ಲಿ ಬೆಳಗಿನ ಗಂಜಿ ಒಣಗಿ ನಿಂತಿದ್ದು ಕಂಡಿತು.

*

ಮನೆಗೆ ಬಂದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅರ್ಧ ಗಂಜಿ ಹಚ್ಚಿದ ಸೀರೆ ಬಿದಿರಿನ ಮೇಲೆ ಹಲಗೆಯಂತೆ ಸೆಟೆದಿತ್ತು. ಸಾತವ್ವ ಅದನ್ನು ಇಳಿಸಿ, ದೊಡ್ಡ ಬಾನಿಯ ನೀರಿನಲ್ಲಿ ಮುಳುಗಿಸಿದಳು. ನೀರು ಹಾಲಿನಂತೆ ಬೆಳ್ಳಗಾಯಿತು. ಚೆಲ್ಲಿದಳು. ಮತ್ತೆ ನೀರು ಹಾಕಿದಳು.

ಈರಣ್ಣ ಹೊಸ್ತಿಲಲ್ಲಿ ನಿಂತು ನೋಡಿದ. “ಸಾವಕಾರ ತೂಗೂದ ಇಲ್ಲಂದಾನ. ಹಂಗ ಕೊಟ್ರ ನಡೀತಿತ್ತು. ಹೊಸಾ ಸೀರಿ ಯಾಕ ತೊಳ್ಯಾಕತ್ತಿ?”

“ಗಂಜಿ ದಪ್ಪ ಆಗಿತ್ತು,” ಎಂದಳು.

ಅವನು ಒಳಗೆ ಹೋದ. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಗಿ ನಿಂತಿತು. ಸೀರೆ ಹಿಂಡಿ ಬಿದಿರಿಗೆ ಹರವಿ, ನೀರು ಆರುವವರೆಗೆ ಕಾದಳು. ಉಡಿಯಿಂದ ರೇಷ್ಮೆಯ ಗಂಟು ತೆಗೆದು, ಸಾವಕಾರನ ಕಣ್ಣಿಗೆ ಮೊದಲು ಬೀಳುವ ಸೆರಗಿನ ತುದಿಗೆ ಕಟ್ಟಿದಳು. ಬಿಚ್ಚಿ, ಇನ್ನೂ ಬಿಗಿಯಾಗಿ ಕಟ್ಟಿದಳು. ಗಾಳಿ ಬಂತು. ಬೆಳಿಗ್ಗೆ ಅಲುಗಾಡದ ಸೀರೆ ಈಗ ಹಗುರಾಗಿ ಎದ್ದು ಹಾರಿತು. ಕೆಂಪು ಗಂಟಿದ್ದ ಒಂದು ತುದಿ ಮಾತ್ರ ಕೆಳಗೆ ಜಗ್ಗಿಕೊಂಡಿತ್ತು.